ಕಣ್ಣು ಬಿಟ್ಟು ಈಜುವುದು

ಮುರ್ಡೇಶ್ವರ
18 ನವೆಂಬರ್ 2024

ಅಪ್ಪಾಜಿ,

ನಮಸ್ಕಾರ ಆಮೇಲೆ, ಮೊದಲು ಜಗಳ. ಫೋನ್ ಮಾಡಿದರೆ ನೀವು "ಉಂಡ್ಯಾ ಮಗಾ?" ಅಂತ ಒಂದು ಮಾತು ಕೇಳುತ್ತೀರಿ. ನಾನು "ಸಮುದ್ರ" ಅನ್ನುವಷ್ಟರಲ್ಲಿ ಫೋನು ಅವ್ವನ ಕೈಗೆ ದಾಟಿರುತ್ತದೆ. ಅದಕ್ಕೇ ಈ ಕಾಗದ. ಇದನ್ನು ಅವ್ವನ ಕೈಗೆ ಕೊಟ್ಟರೂ "ಕನ್ನಡಕ ಎಲ್ಲಿಟ್ನೋ" ಅಂತ ಅವಳು ನಿಮಗೇ ವಾಪಸ್ ಕೊಡುತ್ತಾಳೆ. ನೀವು ಓದಲೇಬೇಕು, ಬೇರೆ ದಾರಿಯಿಲ್ಲ.

ನನಗೆ ಏನು ಕೆಲಸ ಅಂತ ಊರಿನಲ್ಲಿ ಕೇಳಿದರೆ "ಅಲ್ಲೆಲ್ಲೋ ಬೋಟಿನ ಆಫೀಸು" ಅನ್ನುತ್ತೀರಂತೆ. ಆಫೀಸಲ್ಲ ಅಪ್ಪಾಜಿ. ಇಲ್ಲಿಂದ ಬೋಟಿನಲ್ಲಿ ಒಂದು ಗಂಟೆಗೂ ಮೇಲೆ ಹೋದರೆ ನೇತ್ರಾಣಿ ಅಂತ ಗುಡ್ಡದಂಥ ದ್ವೀಪ. ಅಲ್ಲಿಗೆ ಬಂದವರ ಮುಖಕ್ಕೆ ಗಾಜಿನ ಮಾಸ್ಕ್ ಕಟ್ಟಿ, ಬಾಯಿಗೆ ಉಸಿರಾಡುವ ಕೊಳವೆ ಕೊಟ್ಟು, ನೀರಿನ ಮೇಲೆ ಬೋರಲು ಮಲಗಿಸಿ, ಕೆಳಗಿರುವ ಲೋಕ ತೋರಿಸುವುದು ನನ್ನ ಕೆಲಸ. ಇದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರೆ. ಮುಳುಗುವುದಿಲ್ಲ, ತೇಲುತ್ತಾ ಇಣುಕುವುದು, ಅಷ್ಟೆ. ಆದರೆ ಆ ಇಣುಕಿನಲ್ಲಿ ಏನೇನಿದೆ ಅಂತ ಹೇಗೆ ಹೇಳಲಿ! ನಿನ್ನೆ ಒಂದು ಆಮೆ ನೋಡಿದೆ, ನಮ್ಮ ರಾಗಿ ಒನೆಯುವ ಮೊರಕ್ಕಿಂತ ದೊಡ್ಡದು. ಯಾವ ಅವಸರವೂ ಇಲ್ಲದೆ ನನ್ನ ಕೆಳಗೇ ಹಾದು ಹೋಯಿತು. ನಾನು ಕೊಳವೆಯೊಳಗೇ ಕೂಗಿಬಿಟ್ಟೆ!

ಮೊದಲ ದಿನದ ಅವಮಾನವನ್ನೂ ಕೇಳಿ. ಕಲಿಸುವ ಮೇಷ್ಟ್ರು ನನ್ನ ಈಜು ನೋಡಿ, "ಚೆನ್ನಾಗಿದೆ. ಆದರೆ ಕಣ್ಣು ಯಾಕೆ ಮುಚ್ಚಿಕೊಂಡಿದ್ದೆ? ಮತ್ತೆ ಗಾಜು ಕಟ್ಟಿದ್ದು ಯಾಕೆ?" ಅಂದರು. ನಾನೇನು ಹೇಳಲಿ? ನಿಮ್ಮ ಕೈಯಲ್ಲಿ ಈಜು ಕಲಿತವರೆಲ್ಲ ಕಣ್ಣು ಮುಚ್ಚಿಯೇ ಈಜುವುದು. "ನೀರೊಳಗೆ ಕಣ್ಗಿಣ್ಣು ಬುಟ್ಟೀರಾ, ಉಸಾರು ಕಣ್ರಲಾ, ಗುಡ್ಡೆ ಕೆಟ್ಟೋಯ್ತವೆ!" ಅಂತ ನೀವು ನಾಲೆ ಏರಿಯ ಮೇಲಿಂದ ಕೂಗುತ್ತಿದ್ದಿರಲ್ಲ. ಕಣ್ಣು ಬಿಡುವುದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು.

ಇಷ್ಟಾದರೂ ನಾನು ಇಲ್ಲಿ ಉಳಿದಿರುವುದು ನಿಮ್ಮಿಂದಲೇ. ಹೊಟ್ಟೆಯ ಕೆಳಗೆ ನೀವು ಅಂಗೈ ಇಟ್ಟು "ಒಡಿ ಕೈಯ, ಒಡಿ" ಅಂತಿದ್ದಿರಿ, ನಾನು ಬಡಿಯುತ್ತಿದ್ದೆ, ಒಂದು ದಿನ ತಿರುಗಿ ನೋಡಿದರೆ ನೀವು ದಡದಲ್ಲಿ ಕೂತಿದ್ದಿರಿ. ಕೈ ಯಾವಾಗ ತೆಗೆದಿರಿ ಅಂತ ಈವತ್ತಿಗೂ ಹೇಳಿಲ್ಲ.

ಈಗ ಅಸಲು ವಿಷಯ. ಗುರುಸ್ವಾಮಿ ಮಾಮ ಹುಣಸೂರಿನ ತಮ್ಮ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸವನ್ನು ನನಗಾಗಿ ಯುಗಾದಿಯವರೆಗೆ ಖಾಲಿ ಇಟ್ಟಿದ್ದಾರೆ, ನೀವು ಅವರಿಗೆ ಮಾತು ಕೊಟ್ಟಿದ್ದೀರಿ. ನನ್ನದೂ ಒಂದು ಮಾತಿದೆ. ನೀವು ಒಂದು ಸಲ ಬನ್ನಿ. ನೇತ್ರಾಣಿಯ ನೀರಿಗೆ ಮುಖವಿಟ್ಟು, ಕಣ್ಣು ಬಿಟ್ಟು ನೋಡಿ. ನೋಡಿದ ಮೇಲೆ "ಬಾ ಮಗಾ ಮನೆಗೆ" ಅಂದರೆ ಎದುರು ಮಾತಾಡದೆ ಬ್ಯಾಗು ತುಂಬಿಕೊಂಡು ಬಂದು ಹುಣಸೂರಿನ ಮಕ್ಕಳಿಗೆ ಖೋ ಖೋ ಆಡಿಸುತ್ತೇನೆ. ನೋಡದೆ ಅಂದರೆ ಮಾತ್ರ ಬರುವುದಿಲ್ಲ.

ನಿಮ್ಮ ಹಟಮಾರಿ,
ಪೂಜಾ


ಭೇರ್ಯ
3 ಡಿಸೆಂಬರ್ 2024

ಚಿರಂಜೀವಿ ಪೂಜಾಳಿಗೆ ಆಶೀರ್ವಾದ.

ಕಾಗದ ತಲುಪಿತು. ಪೋಸ್ಟಿನವನು ಅದನ್ನು ಎರಡು ಬೆರಳಿನಲ್ಲಿ ಹಿಡಿದು "ಏನ್ ಸೌಡಿಯೋರೇ, ಕೋರ್ಟ್ ನೋಟೀಸಾ?" ಅಂತ ಕೇಳಿದ. ಈಗಿನ ಕಾಲದಲ್ಲಿ ಕೈಬರಹದ ಕಾಗದ ಬಂದರೆ ಜನ ಹಾಗೇ ತಿಳಿಯುತ್ತಾರೆ.

ನೀರಿನ ವಿಚಾರ ನನಗೆ ಹೇಳಿಕೊಡಲು ಬರಬೇಡ. ನಾಲೆಯ ಸೌಡಿಯಾಗಿ ತೂಬು ಎತ್ತಿ ತೂಬು ಇಳಿಸಿ, ಗದ್ದೆ ಗದ್ದೆಗೆ ನೀರು ಹಂಚಿ ಹೋದ ವರ್ಷ ನಿವೃತ್ತನಾದವನು ನಾನು. ನೀರು ಎಲ್ಲಿ ಸುಮ್ಮನಿರುತ್ತದೆ, ಎಲ್ಲಿ ನುಗ್ಗುತ್ತದೆ ಅಂತ ನನಗೆ ಗೊತ್ತು. ಸಮುದ್ರಕ್ಕೆ ತೂಬೂ ಇಲ್ಲ, ಏರಿಯೂ ಇಲ್ಲ. ಅಂಥ ನೀರನ್ನು ನಾನು ನಂಬುವುದಿಲ್ಲ.

ನಾನು ಬರಲಾಗದು. ಉಪ್ಪುನೀರು ಕಣ್ಣಿಗೆ ಒಳ್ಳೆಯದಲ್ಲ. ಹಸು ಕರು ಹಾಕುವ ದಿನ ಹತ್ತಿರ ಬಂದಿದೆ. ನನಗೆ ಬಿ.ಪಿ. ಮಾತ್ರೆ ಶುರುವಾಗಿದೆ. ರೈಲಿನಲ್ಲಿ ಮೇಲಿನ ಬರ್ತ್ ಕೊಟ್ಟರೆ ಹತ್ತಲಾಗುವುದಿಲ್ಲ. ಅಲ್ಲದೆ ಸಮುದ್ರ ಅನ್ನುವುದು ಈಶ್ವರನ ದರ್ಶನಕ್ಕೆ ಹೋದಾಗ ದಡದಲ್ಲಿ ನಿಂತು ಕೈಮುಗಿಯತಕ್ಕದ್ದು. ಒಳಗೆ ಇಣುಕತಕ್ಕದ್ದಲ್ಲ.

ಗುರುಸ್ವಾಮಿ ಮೊನ್ನೆಯೂ ಕೇಳಿದ. "ಕೂಸು ಬತ್ತದೆ, ಯುಗಾದಿ ಒಳ್ಗೆ ಬತ್ತದೆ" ಅಂದೆ. ಹುಣಸೂರು ಅಂದರೆ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರ. ನೀನು ಮನೆಯಲ್ಲಿ ಉಂಡು ಮನೆಯಲ್ಲಿ ಮಲಗುತ್ತೀಯ. ನಿನ್ನ ಅವ್ವ ಈಗ ಪ್ರತಿ ದಿನ ಟಿ.ವಿ.ಯಲ್ಲಿ ಕರಾವಳಿಯ ಹವಾಮಾನ ನೋಡುತ್ತಾಳೆ. ಇಲ್ಲಿ ಮೋಡ ಕವಿದರೂ ಬಟ್ಟೆ ತೆಗೆಯುವ ಗ್ಯಾನ ಇಲ್ಲ, ಅಲ್ಲಿ ಗಾಳಿ ಬೀಸಿದರೆ ದೀಪ ಹಚ್ಚುತ್ತಾಳೆ.

ಕೈ ಯಾವಾಗ ತೆಗೆದೆ ಅಂತ ಕೇಳಿದ್ದೀಯ. ಅದನ್ನು ಕಲಿಸುವವನು ಹೇಳುವುದಿಲ್ಲ.

ಇತಿ,
ಗುರುಮಲ್ಲಪ್ಪ


ಮುರ್ಡೇಶ್ವರ
14 ಡಿಸೆಂಬರ್ 2024

ಪ್ರೀತಿಯ ಅಪ್ಪಾಜಿ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಉಪ್ಪಿದೆ, ಹಸುವಿದೆ, ಬಿ.ಪಿ. ಇದೆ, ಮೇಲಿನ ಬರ್ತ್ ಇದೆ, ಈಶ್ವರನಿದ್ದಾನೆ. ಸಮುದ್ರದ ಬಗ್ಗೆ ಇಷ್ಟುದ್ದ ಬರೆದವರು ಮೀನು ಅನ್ನುವ ಪದವನ್ನು ಒಂದು ಸಲವೂ ಬರೆದಿಲ್ಲ! ಅನುಮಾನ ಬಂತು. ಅವ್ವನಿಗೆ ಫೋನ್ ಮಾಡಿದೆ. ಅವಳು ಮೊದಲು "ನಂಗೇನ್ ಗೊತ್ತು" ಅಂದಳು, ಆಮೇಲೆ ನಕ್ಕಳು, ಆಮೇಲೆ ಎಲ್ಲ ಹೇಳಿದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ.

ರಾಮನಾಥಪುರದ ಹೊಳೆ ಮೆಟ್ಟಿಲು. ಏಳು ವರ್ಷದ ನೀವು ಅಜ್ಜಿಯ ಜೊತೆ ದೇವರ ಮೀನಿಗೆ ಪುರಿ, ಅಂದರೆ ಇಲ್ಲಿಯವರ ಮಂಡಕ್ಕಿ, ಹಾಕಲು ಹೋಗಿದ್ದು. ಪಾಚಿಯಲ್ಲಿ ಕಾಲು ಜಾರಿ, ಎದೆಗೆ ಅವಚಿಕೊಂಡಿದ್ದ ಪುರಿಯ ಸಮೇತ ನೀರಿಗೆ ಬಿದ್ದಿದ್ದು. ನಿಮ್ಮ ತೋಳಿನುದ್ದದ ಮೀನುಗಳು ಬಾಯಿ ತೆರೆದುಕೊಂಡು ಎದೆ, ಕುತ್ತಿಗೆ, ಕಿವಿ ಅಂತ ಬಿಡದೆ ಮುತ್ತಿಕೊಂಡಿದ್ದು. ಯಾರೋ ಎಳೆದು ಹಾಕಿದ ಮೇಲೂ ನೀವು ಕಣ್ಣು ಬಿಡಲಿಲ್ಲವಂತೆ. ಕೆ.ಆರ್. ನಗರದಲ್ಲಿ ಮೀನಿನ ಅಂಗಡಿ ಬಂದರೆ ನೀವು ರಸ್ತೆ ದಾಟಿ ಆಚೆ ಹೋಗುವುದು ಮಡಿ ಅಂತ ನಾನು ತಿಳಿದಿದ್ದೆ. ನಾಲೆಯಲ್ಲಿ ಕಣ್ಣು ಮುಚ್ಚಿ ಕಾಲು ಜೋರಾಗಿ ಬಡಿಯುವುದು ಒಂದು ವಿದ್ಯೆ ಅಂತ ತಿಳಿದಿದ್ದೆ. ಊರಿನ ಮಕ್ಕಳಿಗೆಲ್ಲ ನಿಮ್ಮ ಹೆದರಿಕೆಯನ್ನೇ ಈಜು ಅಂತ ಕಲಿಸಿದಿರಲ್ಲ ಅಪ್ಪಾಜಿ! ನನಗೆ ತುಂಬಾ ನಗು ಬಂತು. ಆಮೇಲೆ ಅಳು ಬಂತು. ಅಷ್ಟು ಹೆದರಿಕೆ ಇಟ್ಟುಕೊಂಡೂ ನನ್ನ ಹೊಟ್ಟೆಯ ಕೆಳಗೆ ಕೈ ಇಟ್ಟುಕೊಂಡು ಗಂಟೆಗಟ್ಟಲೆ ನೀರಿನಲ್ಲಿ ನಿಲ್ಲುತ್ತಿದ್ದಿರಿ.

ನನಗೂ ಹೆದರಿಕೆ ಆಗಿತ್ತು. ಬಂಡೆಯ ಬಿರುಕಿನಿಂದ ಹಾವಿನಂಥ ಮೀನೊಂದು ತಲೆ ಹೊರಹಾಕಿ ನನ್ನ ಕಡೆಗೇ ಬಾಯಿ ತೆರೆದು ಮುಚ್ಚುತ್ತಿತ್ತು. ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಉಸಿರಾಡುವುದೇ ಹಾಗೆ. ನಮ್ಮ ಸಣ್ಣಬೀರಯ್ಯ ಜಗುಲಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡುವುದಿಲ್ಲವೇ, ಹಾಗೆ ಅದು ತನ್ನ ಬಾಗಿಲಿನಲ್ಲಿ ಕೂತು ನನ್ನನ್ನು ನೋಡುತ್ತಿತ್ತು, ಅಷ್ಟೆ. ಈಗ ದಿನಾ ಅದರ ಮನೆ ಮುಂದೆ ಹೋಗಿ ಹಾಜರಿ ಹಾಕಿ ಬರುತ್ತೇನೆ.

ಪಾರ್ಸೆಲ್ಲಿನಲ್ಲಿ ನನ್ನ ಹಳೆಯ ಮಾಸ್ಕ್ ಮತ್ತು ಕೊಳವೆ ಕಳಿಸಿದ್ದೇನೆ. ಮನೆ ಮುಂದೆ ಹಸು ನೀರು ಕುಡಿಯುವ ಕಲ್ಲುಬಾನಿಯಲ್ಲಿ ಶುರು ಮಾಡಿ. ಅದರಲ್ಲಿ ಮೀನಿಲ್ಲ, ನಾನು ಗ್ಯಾರಂಟಿ.

ನಿಮ್ಮ
ಪೂಜಾ


ಭೇರ್ಯ
9 ಜನವರಿ 2025

ಪೂಜಾಳಿಗೆ,

ನಿನ್ನ ಅವ್ವನ ಜೊತೆ ನಾನು ಎರಡು ದಿನ ಮಾತಾಡಲಿಲ್ಲ. ಅವಳು "ಬಾಯ್ಬುಡ್ದೆ ಇದ್ರೆ ಇರಿ, ಮುದ್ದೆಗೆ ಸಾರೂ ಕೇಳ್ಬೇಡಿ" ಅಂದಳು. ಮೂರನೇ ದಿನ ಮಾತಾಡಿದೆ.

ಸರಿ, ನಿಜ. ನನಗೆ ಮೀನು ಅಂದರೆ ಆಗುವುದಿಲ್ಲ. ಹೇಳಿಕೊಳ್ಳುವಂಥ ವಿಷಯವಲ್ಲ, ಹೇಳಿಕೊಳ್ಳಲಿಲ್ಲ. ನಾಲೆಯ ಸೌಡಿಗೆ ಮೀನು ಕಂಡರೆ ಹೆದರಿಕೆ ಅಂತ ಗೊತ್ತಾಗಿದ್ದರೆ ರೈತರು ನನ್ನ ಮಾತು ಕೇಳುತ್ತಿದ್ದರಾ? ಆದರೆ ಈಗ ನೀನು ಬರೆದಮೇಲೆ ಒಂದು ಕಿಚ್ಚು ಹತ್ತಿದೆ. ನನ್ನ ಮಗಳು ಹಾವಿನಂಥ ಮೀನಿನ ಬಾಗಿಲಲ್ಲಿ ಹಾಜರಿ ಹಾಕುತ್ತಾಳೆ, ನಾನು ಬಾನಿಗೆ ಹೆದರಲೇ?

ಕೆಲಸ ಶುರುವಾಗಿದೆ. ಬೆಳಿಗ್ಗೆ ಹಾಲು ಕರೆದ ಮೇಲೆ ಮಾಸ್ಕ್ ಕಟ್ಟಿಕೊಂಡು, ಕೊಳವೆ ಕಚ್ಚಿಕೊಂಡು, ಬಾನಿಯ ಪಕ್ಕ ಮಂಡಿಯೂರಿ ಮುಖ ಮುಳುಗಿಸುವುದು. ಮೊದಲ ದಿನ ಸಣ್ಣಬೀರಯ್ಯ ಕಂಡುಬಿಟ್ಟ. "ವೀರಮ್ಮಾರೇ, ಬಿರ್ರನೆ ಬನ್ನಿ! ಸೌಡಿಯೋರು ಬಾನಿಗೆ ಮೊಕ ಆಕ್ಕಂಡು ಅಲ್ಲಾಡ್ದಂಗವ್ರೆ!" ಅಂತ ನಿನ್ನ ಅವ್ವನನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ನಾನು ತಲೆ ಎತ್ತುವಷ್ಟರಲ್ಲಿ ಹತ್ತಾರು ಜನ ಸುತ್ತ ನಿಂತಿದ್ದರು. ನೀರು ಕುಡಿಯಲು ಬಂದ ಹಸುವೂ ನಿಂತಿತ್ತು. ಅಂದಹಾಗೆ ಅದು ಹೆಣ್ಣು ಕರು ಹಾಕಿದೆ. ಒಂದು ಕಾರಣ ಕಡಿಮೆಯಾಯಿತು.

ಬಾನಿ ಆದಮೇಲೆ ನಾಲೆ. ಏರಿ ಇಳಿದು, ಸೊಂಟದವರೆಗೆ ನಿಂತು, ಮುಖ ಇಟ್ಟು, ಬದುಕಿನಲ್ಲಿ ಮೊದಲ ಸಲ ಆ ನೀರಿನಲ್ಲಿ ಕಣ್ಣು ಬಿಟ್ಟೆ. ಕೆಸರು ಬಣ್ಣದ ಬೆಳಕು. ಒಂದು ಕಿರುಬೆರಳಿನಷ್ಟು ಮೀನು ಎದುರಿಗೆ ಬಂದು ನಿಂತಿತು. ಆಮೇಲೆ ಏನಾಯಿತೋ ಗೊತ್ತಿಲ್ಲ, ನಾನು ಏರಿಯ ಮೇಲೆ ನಿಂತಿದ್ದೆ, ಒಂದು ಚಪ್ಪಲಿ ತೇಲಿ ಹೋಗಿತ್ತು. ಮರುದಿನ ಮತ್ತೆ ಇಳಿದೆ. ಆ ದಿನವೂ ಓಡಿಬಂದೆ, ಆದರೆ ನಡೆದುಕೊಂಡು ಓಡಿಬಂದೆ. ವ್ಯತ್ಯಾಸ ನನಗೆ ಗೊತ್ತಾಯಿತು.

ನಿಮ್ಮ ಕಡೆಯ ಬಿಗಿ ಚಡ್ಡಿ ನಾನು ಹಾಕುವುದಿಲ್ಲ. ಕೆ.ಆರ್. ನಗರದಲ್ಲಿ ನನ್ನ ಖಾಕಿ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಖದೀರ್ ಮೊಣಕಾಲು ದಾಟುವ ಚಡ್ಡಿ ಹೊಲಿದುಕೊಟ್ಟಿದ್ದಾನೆ. ಗುಂಡಿ ಹಾಕುವ ನಾಲ್ಕು ಜೇಬು ಇಟ್ಟಿದ್ದಾನೆ. ನೀರಿನಲ್ಲಿ ಜೇಬು ಯಾಕಯ್ಯ ಅಂದರೆ, "ಜೇಬಿಲ್ದೆ ಗಂಡ್ಸು ಎಲ್ಗೂ ಓಗ್ಬಾರ್ದು ಅಣ್ಣಾ" ಅಂದ. ಅವನಿಗೆ ವಿಷಯ ಹೇಳಿಬಿಟ್ಟೆ. ಕತ್ತರಿ ಕೆಳಗಿಟ್ಟು ನಕ್ಕ. "ನಿಮ್ ಮನೇಲಿ ಯಾರೂ ಮೀನ್ ತಿಂದೋರಲ್ಲ. ಅವಕ್ಕೆ ನಿಮ್ ಮ್ಯಾಲೆ ಏನ್ ದ್ವೇಷ ಇದ್ದಾತು? ವಾರಕ್ಕೆರಡು ಸಲ ತಿನ್ನೋನು ನಾನು, ಎದ್ರಬೇಕಾದೋನು ನಾನು ಕಣಣ್ಣೋ!" ಅಂದ. ವಿಚಾರ ಮಾಡಿದೆ. ಮಾತಿನಲ್ಲಿ ನ್ಯಾಯ ಇದೆ.

ಶಿವರಾತ್ರಿಗೆ ಮುಂಚೆ ಬರುತ್ತೇನೆ. ಆದರೆ ನಿನ್ನ ಮಾತು ನೆನಪಿರಲಿ. ನೋಡಿದ ಮೇಲೂ "ಬಾ" ಅಂದರೆ ಬರಬೇಕು. ನಾನು ಸುಮ್ಮನೆ ಬೆನ್ನು ತಟ್ಟಿ ಹೋಗಲು ಅಷ್ಟು ದೂರ ಬರುತ್ತಿಲ್ಲ.

ಇತಿ ನಿನ್ನ ಅಪ್ಪ,
ಗುರುಮಲ್ಲಪ್ಪ


ಮುರ್ಡೇಶ್ವರ
20 ಜನವರಿ 2025

ಅಪ್ಪಾಜಿ! ಅಪ್ಪಾಜಿ! ಅಪ್ಪಾಜಿ!

ನಿಮ್ಮ ಕಾಗದ ಹಿಡಿದುಕೊಂಡು ಇಡೀ ಜೆಟ್ಟಿ ಓಡಾಡಿದೆ. ಬೋಟಿನ ಹುಡುಗರಿಗೆಲ್ಲ ಬಾನಿಯ ಕಥೆ ಹೇಳಿದ್ದೇನೆ, ಅವರು ನಿಮ್ಮನ್ನು ನೋಡಲು ಕಾಯುತ್ತಿದ್ದಾರೆ. ನಿಮ್ಮ ರೈಲಿನ ಟಿಕೆಟ್ ಮಾಡಿಸಿದೆ, ಕೆಳಗಿನ ಬರ್ತೇ ಸಿಕ್ಕಿದೆ. ಅವ್ವನನ್ನೂ ಕರೆದರೆ ಎಳೆ ಕರು ಬಿಟ್ಟು ಬರಲ್ಲ ಅಂದಳು.

ಇಲ್ಲಿನ ನಿಯಮ ಹೇಳಿಬಿಡುತ್ತೇನೆ. ಲೈಫ್ ಜಾಕೆಟ್ ಎಷ್ಟು ದೊಡ್ಡ ಈಜುಗಾರನಿಗೂ ಕಡ್ಡಾಯ. ನೀರಿನೊಳಗೆ ಇರುವ ಯಾವುದನ್ನೂ ಮುಟ್ಟಬಾರದು. ನೀರಿಗೆ ಏನನ್ನೂ ಹಾಕಬಾರದು, ಒಂದು ಬಿಸ್ಕತ್ತಿನ ಚೂರು ಕೂಡ. ನಮ್ಮ ಯಜಮಾನರು ಇದರಲ್ಲಿ ಬಲು ಬಿಗಿ. ತಿಂಡಿ ಹಾಕಿ ಹಾಕಿ ಮೀನುಗಳ ಬುದ್ಧಿ ಕೆಡುತ್ತದೆ ಅನ್ನುತ್ತಾರೆ. ನಾನು ಈ ಸೀಸನ್ ಪೂರ್ತಿ ಪರೀಕ್ಷೆಯಲ್ಲಿರುವವಳು. ಮೇ ತಿಂಗಳಲ್ಲಿ ಅವರು ಸರಿ ಅಂದರೆ ಮಾತ್ರ ಕಾಯಂ.

ನೀರಿನಲ್ಲಿ ಹೆದರಿಕೆ ಆದರೆ ಬಡಿದಾಡಬೇಡಿ. ಸುಮ್ಮನೆ ತೇಲಿ, ಉದ್ದಕ್ಕೆ ಉಸಿರು ಬಿಡಿ. ನಾನು ಪಕ್ಕದಲ್ಲೇ ಇರುತ್ತೇನೆ.

ಕುಣಿಯುತ್ತಿರುವ
ಪೂಜಾ


ಭೇರ್ಯ
5 ಫೆಬ್ರವರಿ 2025

ಪೂಜಾಳಿಗೆ,

ಹದಿನೈದರ ಶನಿವಾರ ಬೆಳಿಗ್ಗೆ ಇಳಿಯುತ್ತೇನೆ. ಅವ್ವ ಚಕ್ಕುಲಿ, ಚಟ್ನಿಪುಡಿ ಕಟ್ಟುತ್ತಿದ್ದಾಳೆ. ಖದೀರನ ಹೆಂಡತಿ ರುಬೀನಾ ನಿನಗೆ ಅಂತ ಕೊಬ್ಬರಿ ಮಿಠಾಯಿ ಕೊಟ್ಟಿದ್ದಾಳೆ.

ನಿಯಮಗಳನ್ನು ಓದಿದೆ. ಹೆದರಿಕೆಗೆ ನನ್ನದೇ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ, ಬೇಕಾದರೆ ಮಾತ್ರ ಉಪಯೋಗಿಸುವುದು. ನೀರು ಒತ್ತಿಕೊಂಡು ಬಂದರೆ ಏನು ಮಾಡಬೇಕು ಅಂತ ತೂಬಿನ ಕೆಲಸ ಮಾಡಿದವನಿಗೆ ಯಾರೂ ಕಲಿಸಬೇಕಾಗಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ.

ಇತಿ,
ಗುರುಮಲ್ಲಪ್ಪ


ಮುರ್ಡೇಶ್ವರ
18 ಫೆಬ್ರವರಿ 2025

ಅಪ್ಪಾಜಿ,

ಪುರಿ! ಪುರಿ ತಂದಿದ್ದಿರಲ್ಲ ಅಪ್ಪಾಜಿ! ನಾಲ್ಕು ಜೇಬು ತುಂಬ ಪುರಿ!

ರೈಲು ಹೊರಟಾಗ ನೀವು ಕಿಟಕಿಯಿಂದ ಕೈ ಬೀಸಿದಿರಿ, ಒಂದು ಮಾತೂ ಆಡಲಿಲ್ಲ. ಬೋಟಿನಲ್ಲಿ ವಾಪಸ್ ಬರುವಾಗಲೂ ನನ್ನ ಹತ್ತಿರ ಮಾತಾಡಲಿಲ್ಲ. ಆವತ್ತು ಆಗಿದ್ದನ್ನು ನಾನು ನೋಡಿದ ಹಾಗೆ ಬರೆಯುತ್ತೇನೆ. ನೀವು ನೋಡಿದ್ದನ್ನು ನೀವು ಬರೆಯಿರಿ. ಆಮೇಲೆ ತೀರ್ಪು ಹೇಳಿ.

ಏಣಿ ಇಳಿದು ನೀರಿಗೆ ಬಂದಿರಿ. ಅಲೆ ಇರಲಿಲ್ಲ, ಬಿಸಿಲು ಸೀದಾ ತಳದವರೆಗೆ ಇಳಿದಿತ್ತು. ಮುಖ ಮುಳುಗಿಸಿ, ಎತ್ತಿ, "ಏನೂ ಇಲ್ಲ ಕಣ, ಬರೀ ಕಪ್ಪು" ಅಂದಿರಿ. "ಅಪ್ಪಾಜಿ, ಗಾಜಿನ ಒಳಗೆ ನಿಮ್ಮ ಕಣ್ಣು ಮುಚ್ಚಿರೋದು ನಂಗೆ ಕಾಣ್ತದೆ" ಅಂದೆ. ಮತ್ತೆ ಮುಳುಗಿಸಿದಿರಿ. ಈ ಸಲ ನಿಮ್ಮ ಬೆನ್ನು ಸೆಟೆದದ್ದು ನೋಡಿದೆ. ಒಂದೇ ಒಂದು ಪಟ್ಟೆ ಮೀನು ನಿಮ್ಮ ಕಡೆ ಬರುತ್ತಿತ್ತು, ಒಂದೇ ಒಂದು! ಅಷ್ಟಕ್ಕೇ ನಿಮ್ಮ ಕೈ ಜೇಬಿಗೆ ಹೋಯಿತು, ಗುಂಡಿ ಬಿಚ್ಚಿತು. ಆಮೇಲೆ ನೀವು ಕಾಣಿಸಲಿಲ್ಲ. ನಿಮ್ಮ ಜಾಗದಲ್ಲಿ ಮೀನಿನ ಒಂದು ದೊಡ್ಡ ಉಂಡೆ ಇತ್ತು. ಹಳದಿ, ನೀಲಿ, ಪಟ್ಟೆ, ಚುಕ್ಕೆ, ನಾನು ಇಡೀ ಸೀಸನ್ನಿನಲ್ಲಿ ನೋಡದಷ್ಟು ಮೀನು. ನಡುವೆ ಕೊಳವೆಯ ತುದಿ ಮಾತ್ರ ಮೇಲಿತ್ತು.

ನಾನು ನುಗ್ಗಿದೆ. ನಿಮ್ಮನ್ನು ಎಳೆದು ಬೋಟಿಗೆ ಹಾಕಬೇಕು ಅನ್ನುವುದೇ ಮೊದಲು ಬಂದ ಯೋಚನೆ. ಹತ್ತಿರ ಹೋದಾಗ ನೀವು ಬಡಿದಾಡುತ್ತಿರಲಿಲ್ಲ. ಸುಮ್ಮನೆ ತೇಲುತ್ತಿದ್ದಿರಿ, ನಡುಗುತ್ತಿದ್ದಿರಿ. ಉದ್ದಕ್ಕೆ ಉಸಿರು ಬಿಡುವ ಸದ್ದು ಕೊಳವೆಯಲ್ಲಿ ಕೇಳುತ್ತಿತ್ತು. ಎಳೆದರೆ ಮತ್ತೆ ರಾಮನಾಥಪುರವೇ ಆಗುತ್ತದೆ ಅನ್ನಿಸಿತು. ಎಳೆಯಲಿಲ್ಲ.

ಯಜಮಾನರು ಎಲ್ಲರೆದುರು ನನಗೆ ಬಯ್ದರು. ನೀವು ಒದ್ದೆ ಮೈಯಲ್ಲೇ ನಡುವೆ ಬಂದು "ತಪ್ಪು ನಂದು ಸ್ವಾಮಿ, ಕೂಸು ಮೊದ್ಲೇ ಬರ್ದಿತ್ತು, ನಾನೇ ಕೇಳ್ಲಿಲ್ಲ" ಅಂತ ಕೈಮುಗಿದಿರಿ. ನನಗೆ ಅದು ನೋಡಲಾಗಲಿಲ್ಲ. ನೀವು ನಾಲೆಯಲ್ಲಿ ಯಾರಿಗೂ ಕೈಮುಗಿದದ್ದು ನಾನು ಕಂಡಿಲ್ಲ. ಆದರೆ ಒಂದು ಸಮಾಧಾನದ ಸುದ್ದಿ. ಸಂಜೆ ಅವರು ತಾವೇ ಕರೆದು, "ನಿನ್ನ ಅಪ್ಪ ಮತ್ತೆ ಬಂದ್ರೆ ಮೊದ್ಲು ಕಿಸೆ ನೋಡಿಯೇ ಬೋಟು ಹತ್ತಿಸೂದು" ಅಂದು ನಕ್ಕರು. ಆಮೇಲೆ, ಗಾಬರಿಯಾದವರನ್ನು ಎಳೆಯದೆ ಪಕ್ಕದಲ್ಲಿ ಇದ್ದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ ಅಂದರು. ನನ್ನ ಪರೀಕ್ಷೆ ಇನ್ನೂ ಮುಗಿದಿಲ್ಲ, ಆದರೆ ಮುರಿದೂ ಇಲ್ಲ.

ಯುಗಾದಿ ಹತ್ತಿರ ಬಂತು. ನೀವು ಬಂದಿರಿ, ಮುಖ ಇಟ್ಟಿರಿ. ಮಾತು ಮಾತೇ. ನೀವು "ಬಾ" ಅಂದರೆ ಬರುತ್ತೇನೆ, ಅಳುತ್ತಲಾದರೂ ಬರುತ್ತೇನೆ. ಬೇಗ ಬರೆಯಿರಿ. ದಿನಾ ಪೋಸ್ಟಿನವರನ್ನು ದಾರಿಯಲ್ಲೇ ಹಿಡಿದು ಕೇಳುತ್ತಿರುತ್ತೇನೆ.

ನಿಮ್ಮ
ಪೂಜಾ


ಭೇರ್ಯ
4 ಮಾರ್ಚ್ 2025

ಮುದ್ದಿನ ಮಗಳು ಪೂಜಾಳಿಗೆ,

ತಡವಾಯಿತು. ಶಿವರಾತ್ರಿಯ ಉಪವಾಸ, ಆಮೇಲೆ ಹುಣಸೂರಿಗೆ ಒಂದು ಓಡಾಟ, ಜೊತೆಗೆ ಊರಿನವರಿಗೆಲ್ಲ ಕಥೆ ಹೇಳುವ ಕೆಲಸ. ಹೇಳಿದವರಿಗೇ ಮತ್ತೆ ಹೇಳುತ್ತಿದ್ದೇನೆ ಅಂತ ನಿನ್ನ ಅವ್ವ ಬಯ್ಯುತ್ತಾಳೆ.

ಪುರಿಯ ವಿಚಾರ. ನಾಲೆಯಲ್ಲಿ ನೀರು ಏರಿಯನ್ನು ಒತ್ತಿದರೆ ನಾವು ಅಡ್ಡ ನಿಲ್ಲುವುದಿಲ್ಲ. ಪಕ್ಕದ ತೂಬು ಎತ್ತಿ ಬೇರೆ ಕಡೆ ಹರಿಸುತ್ತೇವೆ. ಮೀನು ನನ್ನ ಮೇಲೆ ಬಂದರೆ ಒಂದು ಹಿಡಿ ಪುರಿಯನ್ನು ದೂರಕ್ಕೆ ಎಸೆಯುವುದು, ಅವು ಆ ಕಡೆ ಹರಿದು ಹೋಗುವುದು, ಇದು ನನ್ನ ಲೆಕ್ಕ. ಪುರಿ ನೀರಿನಲ್ಲಿ ಎಸೆದ ಕಡೆ ಹೋಗುವುದಿಲ್ಲ ಅನ್ನುವುದು ತಲೆಗೆ ಬರಲಿಲ್ಲ. ಗುಂಡಿ ಬಿಚ್ಚಿದ್ದೇ ತಡ, ಏರಿ ಒಡೆದ ಹಾಗೆ ಜೇಬಿಗೆ ಜೇಬೇ ಹೊರಗೆ ಬಂತು, ನನ್ನ ಸುತ್ತಲೇ ನಿಂತಿತು. ತೂಬು ಎತ್ತಲು ಹೋದವನೇ ತೂಬಾಗಿಬಿಟ್ಟೆ.

ಕಣ್ಣು ಮುಚ್ಚಿಕೊಂಡೆ. ಕೈ, ಕತ್ತು, ಕಿವಿ, ಎಲ್ಲ ಕಡೆ ಸಣ್ಣ ಸಣ್ಣ ಬಾಯಿ. ನನಗೆ ಏಳು ವರ್ಷವಾಗಿತ್ತು ಪೂಜಾ. ಅಜ್ಜಿಯ ಕೂಗು ಕೂಡ ಕೇಳಿಸಿತು. ಸತ್ತೆ ಅಂದುಕೊಂಡೆ. ಆಗ ಹೊಟ್ಟೆಯ ಕೆಳಗೆ ಒಂದು ಅಂಗೈ ಬಂದು ನಿಂತಿತು.

ಜಾಕೆಟ್ ನನ್ನನ್ನು ತೇಲಿಸುತ್ತಿತ್ತು. ನಿನ್ನ ಕೈ ಇಲ್ಲದಿದ್ದರೂ ನಾನು ಮುಳುಗುತ್ತಿರಲಿಲ್ಲ, ಅದು ನನಗೂ ಗೊತ್ತು, ನಿನಗೂ ಗೊತ್ತು. ಆದರೂ ನೀನು ಅಲ್ಲಿ ಕೈ ಇಟ್ಟೆ, ನಾನು ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಆ ಕೈ ನನ್ನನ್ನು ಯಾವ ಕಡೆಗೂ ಎಳೆಯಲಿಲ್ಲ. ಎಳೆಯದೆ ಇದ್ದದ್ದಕ್ಕೆ ಒಳಗೆ ಏನೋ ಧೈರ್ಯ ಬಂತು. ಕಣ್ಣು ಬಿಟ್ಟೆ.

ಮಗಾ, ಎಂಥ ಚೆಂದ! ಕಣ್ಣು ಮುಚ್ಚಿದ್ದಾಗ ಅವೆಲ್ಲ ರಾಮನಾಥಪುರದ ಬಾಯಿಗಳಾಗಿದ್ದವು. ಬಿಟ್ಟು ನೋಡಿದರೆ ಅಂಗೈಯಗಲದ ಹಳದಿ ಬೆನ್ನಿನವು, ಪಟ್ಟೆ ಪಂಚೆ ಉಟ್ಟಂಥವು, ಗಿಳಿಯ ಬಣ್ಣದವು. ಒಂದೊಂದು ಪುರಿಗೆ ಎರಡೆರಡು ಜಗಳವಾಡುತ್ತಿದ್ದವು. ಒಂದು ಪುಟಾಣಿ ಮೀನು ಪುರಿಯನ್ನು ಬಾಯಿಗೆ ಹಾಕಿಕೊಂಡು, ನುಂಗಲಾಗದೆ, ಉಗುಳಿ, ಮತ್ತೆ ಹಾಕಿಕೊಂಡು, ನನ್ನ ಗಾಜಿನ ಮುಂದೆಯೇ ಒದ್ದಾಡುತ್ತಿತ್ತು. ನನಗೆ ನಗು ಬಂತು. ನಕ್ಕರೆ ಕೊಳವೆಗೆ ನೀರು ಬರುತ್ತದೆ ಅಂತ ನೀನು ಬರೆದಿರಲಿಲ್ಲ! ಅವಕ್ಕೆ ನಾನು ಬೇಕಾಗಿರಲೇ ಇಲ್ಲ. ಆಗಲೂ ಬೇಕಾಗಿರಲಿಲ್ಲ, ಏಳು ವರ್ಷದವನಾಗಿದ್ದಾಗಲೂ ಬೇಕಾಗಿರಲಿಲ್ಲ. ಇಷ್ಟು ವರ್ಷ ನಾನು ಒಂದು ಹಿಡಿ ಪುರಿಗೆ ಹೆದರಿಕೊಂಡು ಬದುಕಿದ್ದೆ.

ಪುರಿ ಮುಗಿಯಿತು, ಮೀನು ಚದುರಿದವು. ಆಗ ಕೆಳಗೆ ನಿನ್ನ ಆಮೆ ಬಂತು. ಮೊರಕ್ಕಿಂತ ದೊಡ್ಡದು ಅಂದಿದ್ದೆಯಲ್ಲ, ನಿಜ. ಅದು ರೆಕ್ಕೆ ಬಡಿದ ಹಾಗೆ ಕೈ ಆಡಿಸಿತು, ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿತು. ನಾನು ಅದರ ಹಿಂದೆಯೇ ಹೋದೆ. ಬಂಡೆ ದಾಟಿದೆ, ಹವಳ ದಾಟಿದೆ, ಬಾಗಿಲಿನಲ್ಲಿ ಕೂತ ಹಾವಿನಂಥ ನಿನ್ನ ಸಣ್ಣಬೀರಯ್ಯನನ್ನೂ ನೋಡಿದೆ. ತಲೆ ಎತ್ತಿ "ಪೂಜಾ, ಇಲ್ನೋಡು!" ಅಂತ ಕೂಗಿದರೆ ನೀನು ಪಕ್ಕದಲ್ಲಿ ಇರಲಿಲ್ಲ. ಆಚೆ, ಬೋಟಿನ ಹಗ್ಗ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ಇದ್ದೆ. ಅಷ್ಟು ದೂರ ನಾನು ಒಬ್ಬನೇ ಬಂದಿದ್ದೆ, ಕಣ್ಣು ಬಿಟ್ಟುಕೊಂಡು.

ಬೋಟಿನಲ್ಲಿ ಮಾತಾಡಲಿಲ್ಲ ಅಂತ ಬರೆದಿದ್ದೀಯ. ಮಾತಾಡಿದ್ದರೆ ಅಷ್ಟು ಜನರ ಮುಂದೆ ಅಳುತ್ತಿದ್ದೆ.

ಇಲ್ಲಿ ಏನೇನಾಗಿದೆ ಕೇಳು. ಭಾನುವಾರ ಮಕ್ಕಳನ್ನೆಲ್ಲ ನಾಲೆಗೆ ಕರೆದುಕೊಂಡು ಹೋಗಿ ಏರಿಯ ಮೇಲೆ ನಿಂತು, "ನಾನು ಏಳ್ಕೊಟ್ಟಿದ್ದು ತಪ್ಪು ಕಣ್ರಲಾ, ಕಣ್ಣು ಬುಡಿ, ಕಣ್ಣು ಬುಟ್ಟು ನೋಡಿ!" ಅಂತ ಕೂಗಿದೆ. ನಿನ್ನ ಮಾಸ್ಕಿಗೆ ಈಗ ಸರತಿ ಸಾಲು. ಖದೀರ್ "ಎಲ್ಲಾ ಸರಿ, ರುಚಿ ಎಂಗಿರ್ತವಂತೆ ಅಂತ ಕೇಳ್ಲಿಲ್ವಾ?" ಅಂತಾನೆ, ಅವನನ್ನು ಅಂಗಡಿಯಿಂದ ಓಡಿಸಬೇಕೆಂದರೆ ಅಂಗಡಿ ಅವನದೇ. ನಿನ್ನ ಅವ್ವ ದೀಪಾವಳಿ ಕಳೆದ ಮೇಲೆ ತಾನೂ ಬರುತ್ತಾಳಂತೆ. "ನಾನು ಬರಿಗೈಲಿ ಬತ್ತೀನಿ ಬುಡಿ, ನಿಮ್ಮಂಗೆ ಮಾನ ಕಳೆಯಾಕಿಲ್ಲ" ಅಂದಳು.

ಹುಣಸೂರಿಗೆ ಹೋಗಿದ್ದೆ ಅಂದೆನಲ್ಲ. ಗುರುಸ್ವಾಮಿ ಕಾಫಿ ತರಿಸಿ, "ಯಾವಾಗ ಸೇರ್ಕತದೆ ನಿಮ್ ಕೂಸು?" ಅಂತ ಕೇಳಿದ. "ಬೇರೆಯೋರ್ನ ನೋಡ್ಕೊಳಪ್ಪ, ನನ್ ಮಗಳಿಗೆ ಕೆಲಸ ಅದೆ" ಅಂದೆ. ಏನು ಕೆಲಸ ಅಂತ ಕೇಳಿದ. ಬೋಟಿನ ಆಫೀಸು ಅನ್ನಲಿಲ್ಲ. ಕಾಫಿ ತಣ್ಣಗಾಗುವವರೆಗೆ ಹೇಳಿದೆ.

ನಿನ್ನ ಕೈ ಯಾವಾಗ ತೆಗೆದೆ ಅಂತ ನಾನು ಕೇಳುವುದಿಲ್ಲ. ಕೇಳಿದರೂ ನೀನು ಹೇಳಬಾರದು. ನನ್ನ ಕೈ ಮಾತ್ರ ನಾಲೆಯಲ್ಲಿ ತೆಗೆದಿರಲಿಲ್ಲ ಮಗಾ, ನೀನು ತಿರುಗಿ ನೋಡಿದಾಗ ನಾನು ದಡದಲ್ಲಿ ಕೂತಿದ್ದರೂ ತೆಗೆದಿರಲಿಲ್ಲ. ಮೊನ್ನೆ ಗುರುಸ್ವಾಮಿಯ ಮನೆಯ ಮೆಟ್ಟಿಲು ಇಳಿಯುವಾಗ ತೆಗೆದೆ.

ಈಜು.

ನಿನ್ನ ಅಪ್ಪ,
ಗುರುಮಲ್ಲಪ್ಪ